3 ವರ್ಷ ಗೋಡೆ ಮೇಲಿದ್ದ ವೈಟ್‌ಬೋರ್ಡ್ ಬಗ್ಗೆ, ಆರು ಜನದ ಸಾಫ್ಟ್‌ವೇರ್ ಆಫೀಸಿಂದ

ಬೋರ್ಡ್ ತಗೊಂಡು 3 ವರ್ಷದ ಮೇಲಾಯ್ತು, ಅದಕ್ಕೇ ಈಗ ಬರೀತಾ ಇದೀನಿ. ತಗೊಂಡ ಮಾರನೇ ದಿನಾನೇ ಫೈವ್ ಸ್ಟಾರ್ ಕೊಡೋರ ರಿವ್ಯೂ ನಂಬಿ ನಾನೇ ಎಷ್ಟೋ ಸಲ ಟೋಪಿ ಹಾಕಿಸ್ಕೊಂಡಿದೀನಿ. ಸೈಜು 6ಕ್ಕೆ 4 ಅಡಿ, ಮ್ಯಾಗ್ನೆಟ್ ಹಿಡಿಯೋದು, ಅಲ್ಯೂಮಿನಿಯಂ ಫ್ರೇಮು, ಅವೆನ್ಯೂ ರೋಡ್ ಹತ್ರ ಒಂದು ಸ್ಟೇಷನರಿ ಅಂಗಡೀಲಿ ಚೌಕಾಸಿ ಮಾಡಿ 4,500ಕ್ಕೆ ತಂದಿದ್ದು. ಮಾಮೂಲಿ ಆಟೋದವ್ರು ಒಬ್ರೂ ಒಪ್ಪಲಿಲ್ಲ, ಕೊನೆಗೆ ಲಗೇಜ್ ಆಟೋ ಹಿಂದೆ ನಾನೇ ಕೂತು ಬೋರ್ಡ್ ತಬ್ಬಿಕೊಂಡು ಬನಶಂಕರಿವರೆಗೂ ಬಂದೆ.

ನಮ್ದು ಬೇಕರಿ ಮೇಲಿರೋ ಸಣ್ಣ ಆಫೀಸು. ಯಶವಂತಪುರ ಎಪಿಎಂಸಿ ಯಾರ್ಡಲ್ಲಿ ಬೇಳೆಕಾಳು ಹೋಲ್‌ಸೇಲ್ ಮಾಡೋ ಒಂದು ಮಂಡಿಗೆ ಬಿಲ್ಲಿಂಗು, ಸ್ಟಾಕು, ಉದ್ರಿ ಲೆಕ್ಕ ಎಲ್ಲಾ ಸೇರಿಸಿ ಸಾಫ್ಟ್‌ವೇರ್ ಮಾಡ್ತಿದ್ವಿ (ಈಗ್ಲೂ ಮಾಡ್ತಾನೇ ಇದೀವಿ). ಅಜೈಲ್ ಟೀಮು (ಕೆಲಸಾನ ಸಣ್ಣ ಸಣ್ಣ ತುಂಡಾಗಿ ಮಾಡಿ, ಕಸ್ಟಮರಿಗೆ ಆಗಾಗ ತೋರಿಸಿ ತಿದ್ಕೊಂಡು ಹೋಗೋ ಟೀಮು) ಅಂತ ಹೇಳ್ಕೊಂಡು ಓಡಾಡ್ತಿದ್ವಿ, ಯಾವ ಕೆಲಸ ಎಲ್ಲಿಗೆ ಬಂತು ಅಂತ ಗುರುತಿಡೋ ಆನ್‌ಲೈನ್ ಟೂಲ್ ಒಂದಕ್ಕೆ ತಿಂಗಳು ತಿಂಗಳು ದುಡ್ಡು ಕಟ್ತಿದ್ವಿ, ಟಿಕೆಟ್ಟು (ಒಂದೊಂದು ಕೆಲಸದ ನಮೂದು), ಎಪಿಕ್ಕು (ಅಂಥವು ಹಲವು ಸೇರಿದ ದೊಡ್ಡ ಕೆಲಸ), ಸ್ಟೋರಿ ಪಾಯಿಂಟು (ಕೆಲಸ ಎಷ್ಟು ದೊಡ್ಡದು ಅನ್ನೋ ಅಂದಾಜು) ಯಾವ್ದಕ್ಕೂ ಕಮ್ಮಿ ಇರ್ಲಿಲ್ಲ. ಮಂಡಿ ಕಡೆಯಿಂದ ನಮ್ ಜೊತೆ ವ್ಯವಹರಿಸ್ತಿದ್ದಿದ್ದು ಅಲ್ಲಿನ ಹಳೇ ಗುಮಾಸ್ತರು, ಅರವತ್ತು ದಾಟಿದೋರು. ಅವರಿಗೂ ಲಾಗಿನ್ ಕೊಟ್ಟಿದ್ವಿ. ಒಂದು ವರ್ಷದಲ್ಲಿ ಅವ್ರು ಒಳಗೆ ಬಂದಿದ್ದು ಒಂದೇ ಸಲ, ಅದೂ ಪಕ್ಕದಲ್ಲಿ ಕೂತು ನಾನೇ ಪಾಸ್‌ವರ್ಡ್ ಹೊಡೆದಿದ್ದಕ್ಕೆ. ಆ ವರ್ಷ ಮೂರು ವಾರ ಕೂತು ಬಣ್ಣಬಣ್ಣದ ಗ್ರಾಫ್ ಇರೋ ಒಂದು ರಿಪೋರ್ಟ್ ಮಾಡಿ ಕೊಟ್ವಿ, ಯಾರೂ ತೆರೆದೂ ನೋಡಲಿಲ್ಲ. ನಾವು ಕೇಳಿರಲಿಲ್ಲ, ಅವ್ರು ಹೇಳಿರಲಿಲ್ಲ, ಟೂಲಲ್ಲಿ ಮಾತ್ರ ಅದರ ಮುಂದೆ ಹಸಿರು ಟಿಕ್ಕು.

ಆಮೇಲೆ ಈ ಬೋರ್ಡ್ ಬಂತು. ನಾಲ್ಕು ಕಾಲಮ್ಮು: ಮಾಡ್ಬೇಕು, ಮಾಡ್ತಿದೀವಿ, ಟೆಸ್ಟಿಂಗು, ಆಯ್ತು. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಹೊಸ ಐಡಿಯಾ ಏನಲ್ಲ, ಟೊಯೋಟಾದಲ್ಲಿ ತೈಚಿ ಓನೋ ಅನ್ನೋರು ಕಾರ್ಖಾನೆಗೆ ಅಂತ ಕಾನ್ಬಾನ್ ಅನ್ನೋ ಕಾರ್ಡ್ ಪದ್ಧತಿ ತಂದಿದ್ದು, ಅದನ್ನೇ ಸಾಫ್ಟ್‌ವೇರಿನೋರು ಎತ್ಕೊಂಡ್ರು. ಕಾನ್ಬಾನ್ ಅಂದ್ರೆ ಜಪಾನಿ ಭಾಷೇಲಿ ಅಂಗಡಿ ಮುಂದೆ ಹಾಕೋ ಬೋರ್ಡು ಅಷ್ಟೇನೇ! ನಾನು ಏನೋ ದೊಡ್ಡ ತತ್ವ ಅಂದ್ಕೊಂಡಿದ್ದೆ.

ಎರಡು ವಾರಕ್ಕೊಂದು ಶುಕ್ರವಾರ ಗುಮಾಸ್ತರು ನಮ್ ಆಫೀಸಿಗೇ ಬರೋ ಹಾಗೆ ಒಪ್ಪಿಸಿದ್ವಿ. ಹಸಿರು ಮೆಟ್ರೋ ಇರೋದ್ರಿಂದ ಇದು ನಡೀತು, ಯಶವಂತಪುರದಲ್ಲಿ ಹತ್ತಿದ್ರೆ ಬನಶಂಕರೀಲೇ ಇಳಿಯೋದು, ಇಲ್ಲಾಂದ್ರೆ ಆ ವಯಸ್ಸಲ್ಲಿ ಬಸ್ಸಲ್ಲಿ ಯಾರು ಬರ್ತಿದ್ರು. ಎರಡನೇ ಸಲ ಬಂದಾಗ ಪಾರ್ಟಿ (ಅಂದ್ರೆ ಮಂಡಿ ಗಿರಾಕಿ) ಹುಡುಕೋ ಸ್ಕ್ರೀನ್ ತೋರಿಸಿದ್ವಿ, ಹೆಸರು ಹೊಡಿ, ಬಾಕಿ ಬರುತ್ತೆ, ನಮಗಂತೂ ಭಾರಿ ಖುಷಿ. ಅವ್ರು ಕನ್ನಡಕ ಸರಿ ಮಾಡ್ಕೊಂಡು "ಅಲ್ಲ ಸ್ವಾಮಿ, ಮಂಜುನಾಥ ಅಂತ ಹೊಡೆದ್ರೆ ನಮ್ಮಲ್ಲಿ ಹದಿನಾಲ್ಕು ಜನ ಬರ್ತಾರೆ, ಅದ್ರಲ್ಲಿ ಯಾರ್ನ ಹಿಡೀಲಿ? ನಮಗೆ ಕುಣಿಗಲ್ ಸೆಟ್ರು, ಮಾಗಡಿ ಸೆಟ್ರು ಅಂದ್ರೇ ಗೊತ್ತಾಗೋದು" ಅಂದ್ರು. ಅಂದೋರು ಸುಮ್ನಾಗಲಿಲ್ಲ, ನನ್ ಕೈಲಿದ್ದ ಮಾರ್ಕರ್ ಇಸ್ಕೊಂಡು ಬೋರ್ಡ್ ಮೇಲೆ ದಪ್ಪಕ್ಕೆ "ಊರು" ಅಂತ ಬರೆದು ಸುತ್ತ ಒಂದು ಗೋಲ ಹಾಕಿದ್ರು.

ಊರಿನ ಹೆಸರಲ್ಲಿ ಹುಡುಕೋ ಹಾಗೆ ಮಾಡೋಕೆ ಎರಡು ದಿನ ಹಿಡೀತು. ಇದೇ ಮಾತು ಆರು ತಿಂಗಳು ಬಿಟ್ಟು ಬಂದಿದ್ರೆ ಅಷ್ಟೊತ್ತಿಗೆ ಬಿಲ್ಲು, ಬಾಕಿ ಪಟ್ಟಿ, ಎಸ್ಸೆಮ್ಮೆಸ್ಸು ಎಲ್ಲಾ ಹೆಸರಿನ ಮೇಲೇ ನಿಂತಿರ್ತಿತ್ತು, ಒಂದನ್ನ ಎಳೆದ್ರೆ ಹತ್ತು ಕಡೆ ಬಿಚ್ಕೊಳ್ತಿತ್ತು. ಫೀಡ್‌ಬ್ಯಾಕ್ ಬೇಗ ಸಿಗ್ಬೇಕು ಅಂತ ಟ್ರೇನಿಂಗಲ್ಲಿ ನೂರು ಸಲ ಕೇಳಿದ್ದೆ, ತಲೆಗೆ ಹೋಗಿದ್ದು ಆ ಗೋಲ ನೋಡಿದಾಗ. ಇನ್ನೊಂದು ವಿಷ್ಯ, ಬೋರ್ಡ್ ಮೇಲೆ ಬರೆಯೋಕೆ ಯಾರಿಗೂ ಲಾಗಿನ್ ಬೇಡ. ನಾನು ಈ ಪ್ರಾಡಕ್ಟಿಗೆ ಕೊಡೋ ಸ್ಟಾರಲ್ಲಿ ಅರ್ಧ ಅದಕ್ಕೇ.

2001ರ ಫೆಬ್ರವರೀಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಅಜೈಲ್ ಮ್ಯಾನಿಫೆಸ್ಟೋ ಅನ್ನೋ ಘೋಷಣಾ ಪತ್ರ ಬರೆದ್ರಲ್ಲ, ಅದರ 12 ಸೂತ್ರದಲ್ಲಿ ಒಂದು, ವ್ಯಾಪಾರ ನೋಡ್ಕೊಳೋರೂ ಕೋಡ್ ಬರೆಯೋರೂ ದಿನಾ ಒಟ್ಟಿಗೆ ಕೆಲಸ ಮಾಡ್ಬೇಕು ಅನ್ನುತ್ತೆ. ದಿನಾ ಅಂತೆ! ಮಂಡಿ ಬಿಟ್ಟು ದಿನಾ ಯಾರು ಬರ್ತಾರೆ ಸ್ವಾಮಿ. ನಮಗೆ ಎರಡು ವಾರಕ್ಕೊಂದು ಸಲ ಸಿಕ್ಕಿದ್ದೇ ಹೆಚ್ಚು, ಮಧ್ಯೆ ಡೌಟ್ ಬಂದ್ರೆ ಮಧ್ಯಾಹ್ನ ಊಟದ ಹೊತ್ತಲ್ಲಿ ಫೋನು.

ದಿನಾ ಬೆಳಗ್ಗೆ ಬೋರ್ಡ್ ಮುಂದೆ ನಿಂತು ಮಾತಾಡ್ತೀವಿ, ಸ್ಕ್ರಮ್ (ಅಜೈಲಲ್ಲೇ ಒಂದು ಪದ್ಧತಿ) ಗೈಡಲ್ಲಿ ಇರೋ ಹಾಗೆ 15 ನಿಮಿಷ. ಹೊಸದರಲ್ಲಿ ಚೀಟಿಗಳೆಲ್ಲಾ ಟೆಸ್ಟಿಂಗ್ ಕಾಲಮ್ಮಲ್ಲೇ ಬಂದು ಗುಡ್ಡೆ ಬೀಳ್ತಿದ್ವು, ಟೆಸ್ಟಿಂಗ್ ಮಾಡೋ ಹುಡುಗ ಒಬ್ನೇ, ಬರೆಯೋರು ನಾಲ್ಕು ಜನ. ಯಾರೋ ತಮಾಷೆಗೆ ಆ ಕಾಲಮ್ಮಿಗೆ "ಸಿಲ್ಕ್ ಬೋರ್ಡ್" ಅಂತ, ಬೆಂಗಳೂರಲ್ಲಿ ಟ್ರಾಫಿಕ್ ಜಾಮಿಗೆ ಹೆಸರಾದ ಜಂಕ್ಷನ್ ಹೆಸರು ಬರೆದ್ರು, ಅದೇ ಪರ್ಮನೆಂಟ್ ಆಯ್ತು. ಆಮೇಲೆ ಅಲ್ಲಿ ಮೂರು ಚೀಟಿಗಿಂತ ಜಾಸ್ತಿ ನಿಲ್ಲೋ ಹಾಗಿಲ್ಲ ಅಂತ ರೂಲ್ ಮಾಡಿದ್ವಿ, ಮೂರಾದ್ರೆ ಹೊಸ ಕೆಲಸ ಮುಟ್ಟದೆ ಎಲ್ರೂ ಟೆಸ್ಟಿಂಗಿಗೆ ಕೈ ಹಾಕ್ಬೇಕು. ಕೋಡ್ ಬರೆಯೋರಿಗೆ ಸಿಟ್ಟು ಬಂತು, ಬರ್ಲಿ, ಜಾಮ್ ಅಂತೂ ಬಿಡ್ತು. ಆನ್‌ಲೈನ್ ಟೂಲಲ್ಲೂ ಆ ಗುಡ್ಡೆ ಇದ್ದೇ ಇತ್ತು, ಆದ್ರೆ ಅದು ಕಾಣ್ಬೇಕಂದ್ರೆ ಸ್ಕ್ರೋಲ್ ಮಾಡ್ಬೇಕಿತ್ತು.

ನನಗೂ ಒಂದು ಏಟು ಬಿತ್ತು. ಶುಕ್ರವಾರ ಗುಮಾಸ್ತರು ಹೊರಟ ಮೇಲೆ ನಾವೇ ನಾವೇ ಕೂತು ಏನು ಸರಿ ಹೋಯ್ತು, ಏನು ಹೋಗಲಿಲ್ಲ ಅಂತ ಹೆಸರು ಹಾಕದೆ ಚೀಟಿ ಅಂಟಿಸ್ತೀವಿ. ಒಂದಿನ ಒಂದು ಚೀಟಿ, "ಕೆಲಸ ನಮ್ದು, ಚೀಟಿ ಸರಿಸೋದು ಮಾತ್ರ ಸರ್ರು". ನಿಜಾನೇ, ಬೆಳಗ್ಗೆ ಎಲ್ರಿಗಿಂತ ಮುಂಚೆ ಬಂದು ನಾನೇ ಎಲ್ಲಾ ಜೋಡಿಸಿ ಇಡ್ತಿದ್ದೆ, ಅವ್ರು ಬಂದು ನಿಂತು ತಲೆ ಆಡಿಸ್ತಿದ್ರು ಅಷ್ಟೇ. ಒಂದು ವಾರ ಮುಖ ಊದಿಸ್ಕೊಂಡಿದ್ದೆ, ಆಮೇಲೆ ಬಿಟ್ಟೆ.

ಇನ್ನು ಸಾಮಾನಿನ ಕ್ವಾಲಿಟಿ. ಬೋರ್ಡ್ ಗಟ್ಟಿ ಇದೆ, ಎರಡನೇ ವರ್ಷದಿಂದ ಮಧ್ಯದಲ್ಲಿ ಒರೆಸಿದ್ರೂ ಹೋಗದ ಮಸುಕು ಗುರುತು ಉಳ್ಕೊಂಡಿದೆ. ಜೊತೆಗೆ ಕೊಟ್ಟ ಮಾರ್ಕರ್ ಎರಡೇ ವಾರಕ್ಕೆ ಒಣಗ್ತು. ಯಾರಾದ್ರೂ ಪರ್ಮನೆಂಟ್ ಮಾರ್ಕರಲ್ಲಿ ಬರೆದು ಬಿಟ್ರೆ ಗಾಬರಿ ಬೇಡ, ಅದರ ಮೇಲೇ ವೈಟ್‌ಬೋರ್ಡ್ ಮಾರ್ಕರಲ್ಲಿ ಗೀಚಿ ತಕ್ಷಣ ಒರೆಸಿ, ಹೋಗುತ್ತೆ. ಅಂಟು ಚೀಟಿ ಸಹವಾಸ ಬೇಡ, ಫ್ಯಾನ್ ಹಾಕಿದ್ರೆ ಕೆಲಸ ಎಲ್ಲಾ ನೆಲದ ಮೇಲೆ, ಒಂದ್ಸಲ ಗುಡಿಸೋ ಅಮ್ಮ ಎರಡು ಬಗ್ ಫಿಕ್ಸನ್ನೇ (ಸಾಫ್ಟ್‌ವೇರ್ ತಪ್ಪು ಸರಿಮಾಡೋ ಕೆಲಸದ ಚೀಟಿ) ಕಸಕ್ಕೆ ಹಾಕ್ಬಿಟ್ಟಿದ್ರು. ಗಟ್ಟಿ ಕಾರ್ಡು, ಮೇಲೊಂದು ಮ್ಯಾಗ್ನೆಟ್ಟು, ಅದೇ ವಾಸಿ.

ದೊಡ್ಡ ತೊಂದರೆ ಬೇರೆ ಇದೆ. ನಮ್ಮೋರೊಬ್ರು ಮೈಸೂರಿಗೆ ಶಿಫ್ಟ್ ಆದ್ರು, ಅವರಿಗೆ ಈ ಬೋರ್ಡ್ ಇದ್ದೂ ಇಲ್ಲ. ಸಂಜೆ ಫೋಟೋ ತೆಗೆದು ವಾಟ್ಸಾಪಿಗೆ ಹಾಕ್ತೀವಿ, ಬೆಳಗ್ಗೆ ವಿಡಿಯೋ ಕಾಲಲ್ಲಿ ಫೋನನ್ನ ಬೋರ್ಡ್ ಕಡೆ ತಿರುಗಿಸ್ತೀವಿ, ಆದ್ರೂ ಅವ್ರು ಮುಂಚಿನಷ್ಟು ಮಾತಾಡ್ತಿಲ್ಲ, ನನಗೆ ಗೊತ್ತಾಗ್ತಿದೆ. ಹಳೇ ಕೆಲಸ ಯಾವಾಗ ಮಾಡಿದ್ವಿ, ಯಾಕೆ ಹಂಗೆ ಮಾಡಿದ್ವಿ ಅಂತ ಹುಡುಕೋಕೂ ಆಗಲ್ಲ, ಅದಕ್ಕೆ ಟೂಲನ್ನ ಪೂರ್ತಿ ಬಿಟ್ಟಿಲ್ಲ, ಕಮ್ಮಿ ದುಡ್ಡಿನ ಪ್ಲಾನಿಗೆ ಇಳಿಸಿದೀವಿ. ಅರ್ಧ ಜನ ಮನೆಯಿಂದ ಕೆಲಸ ಮಾಡೋ ಟೀಮಾದ್ರೆ ಇದನ್ನ ತಗೋಬೇಡಿ. ಎಲ್ರೂ ಒಂದೇ ರೂಮಲ್ಲಿದ್ದು ಕಸ್ಟಮರೂ ಬರ್ತಾರೆ ಅಂದ್ರೆ ಕಣ್ಮುಚ್ಕೊಂಡು ತಗೊಳಿ. ನನ್ ಕಡೆಯಿಂದ 5ಕ್ಕೆ 4.

ಹೋದ ತಿಂಗಳು ಗುಮಾಸ್ತರು ಅಂಗಡಿ ಅಡ್ರೆಸ್ ಕೇಳಿ ಇದೇ ಬೋರ್ಡಿನ ಸಣ್ಣ ಸೈಜ್ ತರಿಸ್ಕೊಂಡ್ರು, ಮಂಡಿ ಒಳಕೋಣೇಲಿ ತಗುಲಿಸಿದಾರೆ. ಮೂರು ಕಾಲಮ್ಮು: ಕೊಟ್ಟೋರು, ಕೊಡ್ತೀನಿ ಅಂದೋರು, ಫೋನ್ ಎತ್ತದೋರು. ಮೂರನೇದು ಜಾಗ ಸಾಲ್ತಿಲ್ಲ, ಇನ್ನೂ ದೊಡ್ಡ ಸೈಜ್ ಬರುತ್ತಾ ಅಂತ ಮೊನ್ನೆ ಫೋನ್ ಮಾಡಿದ್ರು.