ಕೊರಿಯನ್ ಬಾರ್ಬೆಕ್ಯೂ 'ಎಷ್ಟ್ ಬೇಕಾದ್ರೂ ತಿನ್ನಿ'ಗೆ ಹೋಗೋ ಮುಂಚೆ ಇದನ್ನ ಓದ್ಕೊಂಡ್ ಹೋಗಿ

ಹದಿನೈದು ದಿನದ ಹಿಂದೆ ನಾವು ಆರು ಜನ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ, ಎಲ್ ಕಮಿನೋ ರಿಯಾಲ್ ರೋಡಲ್ಲಿರೋ ಒಂದು ಕೊರಿಯನ್ ಬಾರ್ಬೆಕ್ಯೂಗೆ (ಟೇಬಲ್ ಮೇಲಿನ ಗ್ರಿಲ್‌ನಲ್ಲೇ ಮಾಂಸ ಸುಟ್ಕೊಂಡು ತಿನ್ನೋ ಹೋಟ್ಲು) ಹೋಗಿ ಕೈ ಸುಟ್ಕೊಂಡು ಬಂದ್ವಿ. ಹೆಸರು ಬೇಡ ಬಿಡಿ. ತಲೆಗೆ 36 ಡಾಲರ್, ಬೇಕಾದಷ್ಟು ತಿನ್ನಿ ಅಂತ ಬೋರ್ಡು, ಮಂಡ್ಯದ ಬಾಡೂಟ ಉಂಡು ಬೆಳೆದವರಿಗೆ ಇನ್ನೇನ್ ಬೇಕು, ಬೆಳಿಗ್ಗೆ ತಿಂಡಿನೂ ತಿನ್ನದೆ ಹೋಗಿದ್ವಿ ನೋಡಿ, ತಪ್ಪು ಅಲ್ಲೇ ಶುರು.

ಕೂತ ತಕ್ಷಣ ಅನ್ನ, ಹಬೆ ಮೊಟ್ಟೆ, ಪ್ಯಾನ್‌ಕೇಕು, ಒಂದಾದ ಮೇಲೊಂದು ಬಂತು. ಮಾಂಸ ಮಾತ್ರ ಇಪ್ಪತ್ತೈದು ನಿಮಿಷ ಪತ್ತೆ ಇಲ್ಲ. ಹಸಿದಿದ್ವಲ್ಲ, ಅನ್ನನೇ ಬಾರಿಸಿದ್ವಿ. ಕೊನೆಗೆ ಬುಲ್ಗೋಗಿ, ಅಂದ್ರೆ ಮಸಾಲೇಲಿ ನೆನೆಸಿದ ತೆಳು ದನದ ಮಾಂಸ, ಬಂತು ಅಂತ ಅದನ್ನೇ ಮೊದಲು ಹಾಕಿದ್ರೆ ಅದರ ಸಿಹಿ ಮಸಾಲೆ ಗ್ರಿಲ್ ಕಂಬಿಗೆ ಅಂಟ್ಕೊಂಡು ಕರ್ರಗೆ ಸೀದು ಹೋಯ್ತು, ಗ್ರಿಲ್ ಬದಲಾಯಿಸಿ ಅಂತ ಕರೆದು ಕರೆದು ಸಾಕಾಯ್ತು. ಮಸಾಲೆ ಹಚ್ಚದ ತೆಳು ಬ್ರಿಸ್ಕೆಟ್ಟು (ದನದ ಎದೆ ಮಾಂಸ), ಸಮ್ಗ್ಯೊಪ್ಸಾಲ್ (ಹಂದಿ ಹೊಟ್ಟೆ ಮಾಂಸ) ಮೊದಲು ಸುಟ್ಟು, ಮಸಾಲೆದು ಆಮೇಲೆ ಹಾಕ್ಬೇಕಂತೆ, ನಮಗ್ಯಾರ್ ಹೇಳೋರು. ಅಷ್ಟರಲ್ಲಿ ಹುಡುಗ ಬಂದು ಲಾಸ್ಟ್ ಆರ್ಡರ್ ಅಂದ. 90 ನಿಮಿಷ ಅಷ್ಟೇ ಅಂತೆ, ಕಾದಿದ್ದೂ ಅದರಲ್ಲೇ ಸೇರತ್ತಂತೆ! ಗಾಬರಿಗೆ ಐದು ಪ್ಲೇಟ್ ಹೇಳಿದ್ವಿ, ಐದೂ ಒಟ್ಟಿಗೆ ಬಂತು, ತಿನ್ನಕ್ಕಾಗ್ಲಿಲ್ಲ. ಉಳಿಸಿದ್ದಕ್ಕೆ 20 ಡಾಲರ್ ದಂಡ. ಈ ರೂಲ್ಸ್ ಎಲ್ಲಾ ಟೇಬಲ್ ಗಾಜಿನ ಕೆಳಗೆ ಇತ್ತು ಸ್ವಾಮಿ, ಅದರ ಮೇಲೆ ಸರಿಯಾಗಿ ಕಿಮ್ಚಿ (ಖಾರ ಹಾಕಿ ಹುಳಿ ಬರಿಸಿದ ಎಲೆಕೋಸು) ಬಟ್ಟಲು ಇಟ್ಟಿದ್ರು.

ಬಿಲ್ಲಲ್ಲಿ ಆರು ಜನಕ್ಕೆ ಅಂತ 18% ಸರ್ವಿಸ್ ಆಗಲೇ ಹಾಕಿದ್ರು. ಆಮೇಲೆ ಕಾರ್ಡ್ ಮಷೀನ್ ಮತ್ತೆ ಟಿಪ್ ಕೇಳ್ತು, ಅಣ್ಣ ನೋಡದೆ 20% ಒತ್ತಿದ. ಕೇಳಿದ್ರೆ ಹಿಂದಕ್ಕೆ ಕೊಡ್ತಿದ್ರೇನೋ, ನಾಚ್ಕೊಂಡು ಸುಮ್ನೆ ಬಂದ.

ದುಡ್ಡು ಹೋಗ್ಲಿ. ನಿಜವಾಗ್ಲೂ ಭಯ ಬಿದ್ದಿದ್ದು ಇಕ್ಕಳದಿಂದ. ಟೇಬಲ್‌ಗೆ ಒಂದೇ ಇಕ್ಕಳ, ಒಂದೇ ಕತ್ತರಿ. ಹುಡುಗ ಹಸಿ ಕೋಳಿ ಹಾಕಿ, ಅದೇ ಇಕ್ಕಳದಲ್ಲಿ ಬೆಂದ ತುಂಡು ಎತ್ತಿ ನನ್ನ ತಟ್ಟೆಗಿಟ್ಟ, ಇಕ್ಕಳದ ತುದೀಲಿ ಕೋಳಿ ನೀರು ಇನ್ನೂ ತೊಟ್ಟಿಕ್ತಿತ್ತು. ನೋಡ್ತಾ ನೋಡ್ತಾ ತಿಂದೆ, ಹೊಟ್ಟೆಬಾಕ. ಮೂರನೇ ದಿನ ಜ್ವರ, ಬೇಧಿ, ಆಫೀಸಿಗೆ ನಾಲ್ಕು ದಿನ ರಜ. ಹಸಿ ಕೋಳಿಯಿಂದ ಬರೋ ಕ್ಯಾಂಪಿಲೊಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾದ ಕಾಯಿಲೆ ಸಾಮಾನ್ಯವಾಗಿ ಎರಡರಿಂದ ಐದು ದಿನ ಬಿಟ್ಟೇ ಕಾಣಿಸ್ಕೊಳ್ಳೋದಂತೆ. ಅಲ್ಲಿಂದಲೇ ಬಂತು ಅಂತ ಸಾಬೀತು ಮಾಡೋಕೆ ನನ್ ಹತ್ರ ಏನೂ ಇಲ್ಲ. ಬಾಗಿಲಲ್ಲಿ ಕೌಂಟಿಯವರ (ಜಿಲ್ಲಾಡಳಿತದವರ) ಶುಚಿತ್ವ ತಪಾಸಣೆ ಪಾಸಾದ ಹಸಿರು ಕಾರ್ಡೇ ಇತ್ತು, ಆದ್ರೆ ಊಟದ ಹೊತ್ತಲ್ಲಿ ಟೇಬಲ್ ಮೇಲಿನ ಇಕ್ಕಳನ ಯಾರು ಚೆಕ್ ಮಾಡ್ತಾರೆ. ಹಸಿದಕ್ಕೆ ಬೇರೆ, ಬೆಂದಿದ್ದಕ್ಕೆ ಬೇರೆ ಇಕ್ಕಳ ಬೇಕು ಅಂತ ಕೂತಾಗಲೇ ಕೇಳಿ. ಕೋಳಿ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಆ ಹೊಗೇಲಿ ಬಣ್ಣ ನೋಡಿ ಹೇಳಕ್ಕಾಗಲ್ಲ, ಕೋಳಿ ತಗೊಳ್ಳದೇ ಇರೋದೇ ವಾಸಿ.

ಸಸ್ಯಾಹಾರಿಗಳನ್ನ ಕರ್ಕೊಂಡು ಹೋಗೋರು ಇನ್ನೊಂದು ಕೇಳಿ. ನಮ್ ಅತ್ತಿಗೆ ಮಾಂಸ ಮುಟ್ಟಲ್ಲ, ಆದ್ರೂ ಒಂದು ಟೇಬಲ್‌ನಲ್ಲಿ ಎಲ್ಲರೂ ತಗೊಳ್ಳಲೇಬೇಕು ಅಂತ ಅವರಿಗೂ ಪೂರ್ತಿ 36 ಡಾಲರ್. ಪಾಪ ಲೆಟಿಸ್ ಎಲೇಲಿ ಅನ್ನ, ಕಿಮ್ಚಿ ಸುತ್ಕೊಂಡು ತಿಂದ್ರು, ನಮ್ಮೂರ ಉಪ್ಪಿನಕಾಯಿ ಥರ ಚೆನ್ನಾಗಿದೆ ಅಂತ ಮೂರು ಸಲ ಹಾಕಿಸ್ಕೊಂಡ್ರು. ರುಚಿ ಹಿಡಿಸ್ತು ಅಂತ ಮಾರನೇ ದಿನ ಕೊರಿಯನ್ ಅಂಗಡಿಗೆ ಹೋಗಿ ಕಿಮ್ಚಿ ಬಾಟಲಿ ಎತ್ಕೊಂಡು ಹಿಂದಿನ ಲೇಬಲ್ ಓದಿದ್ರೆ, ಉಪ್ಪು ಹಾಕಿದ ಸೀಗಡಿ, ಮೀನಿನ ಸಾಸ್. ಹೋಟ್ಲ್‌ನವರಿಗೆ ಫೋನ್ ಮಾಡಿ ಕೇಳಿದ್ರೆ ನಮ್ದರಲ್ಲೂ ಇರತ್ತೆ, ಮಾಮೂಲಿ ಕಿಮ್ಚಿನೇ ಹಂಗೆ ಅಂದ್ರಂತೆ. ಅವತ್ತಿಂದ ಅಣ್ಣನಿಗೆ ಮನೇಲಿ ಬರೀ ತಿಳಿಸಾರು.