ಹಳೆ ಬಟ್ಟೆ ತಿದ್ದಲು ಮಿನಿ ಹೊಲಿಗೆ ಯಂತ್ರ: ಕುರ್ತಿಗೆ ಸೈ, ಜೀನ್ಸ್‌ಗೆ ಕೈಕೊಡುತ್ತೆ

ಆನ್‌ಲೈನಿನಲ್ಲಿ ಸುಮಾರು ಒಂದೂವರೆಯಿಂದ ಎರಡೂವರೆ ಸಾವಿರ ರೂಪಾಯಿಗೆ ಸಿಗುವ, ಅಂಗೈ ಎರಡು ಸೇರಿಸಿದಷ್ಟೇ ಅಗಲದ ಬಿಳಿ ಪ್ಲಾಸ್ಟಿಕ್ ಹೊಲಿಗೆ ಯಂತ್ರದ ಜಾಹೀರಾತು ಕಣ್ಣಿಗೆ ಬೀಳದವರು ಕಡಿಮೆ. ಡಬ್ಬಿಯ ಮೇಲಿನ ಹೆಸರು ಹತ್ತಾರು, ಒಳಗಿನ ಸರಕು ಬಹುಪಾಲು ಒಂದೇ. ಹಾಗಾಗಿ ಇಲ್ಲಿ ಯಾವ ಕಂಪನಿಯ ಹೆಸರೂ ಹೇಳುತ್ತಿಲ್ಲ. ನೋಡಬೇಕಿರುವುದು ಇಷ್ಟೇ: ಅಕ್ಕನಿಂದ ಬಂದ ದೊಗಳೆ ಕುರ್ತಿ, ಬೀರುವಿನ ತಳ ಸೇರಿದ ಕಾಟನ್ ಸೀರೆ, ಸಂತೆಯಲ್ಲಿ ರಾಶಿ ಹಾಕಿ ಮಾರುವ ಅಂಗಿ, ಪ್ಯಾಂಟು, ಇವನ್ನೆಲ್ಲ ಮನೆಯಲ್ಲೇ ತಿದ್ದಿ ತೊಡುವ ಹಾಗೆ ಮಾಡಲು ಈ ಯಂತ್ರ ಸಾಕೇ?

ತೆಳು ಕಾಟನ್‌ಗೆ ಸಾಕು. ದಪ್ಪ ಬಟ್ಟೆಗೆ ಸಾಲದು. ಹಿಗ್ಗುವ ಬಟ್ಟೆಯ ಸುದ್ದಿಗೇ ಹೋಗಬೇಡಿ.

ಡಬ್ಬಿಯಲ್ಲಿ ಯಂತ್ರದ ಜೊತೆ 6 ವೋಲ್ಟ್ ಅಡಾಪ್ಟರ್, ಕಾಲಿನ ಪೆಡಲ್, ಒಂದೆರಡು ಬಾಬಿನ್ (ಕೆಳಗಿನ ದಾರ ಸುತ್ತುವ ಪುಟ್ಟ ಗಾಲಿ), ಸೂಜಿ ಇರುತ್ತವೆ. ನಾಲ್ಕು ಎಎ ಸೆಲ್ ಹಾಕಿಯೂ ಓಡಿಸಬಹುದು, ಆದರೆ ಸೆಲ್ ಇಳಿಯುತ್ತಿದ್ದ ಹಾಗೆ ಮೋಟಾರು ಏದುಸಿರು ಬಿಡುತ್ತದೆ. ಅಡಾಪ್ಟರಿನಲ್ಲೇ ಓಡಿಸಿ, ಆಗ ಸೆಲ್ ತೆಗೆದಿಡಿ. ವೇಗ ಎರಡೇ, ನಿಧಾನ ಮತ್ತು ಜೋರು. ಪೆಡಲ್ ಬರೀ ಸ್ವಿಚ್ಚು, ಒತ್ತಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಟೈಲರ್ ಅಂಗಡಿಯ ಮೋಟಾರಿನ ಹಾಗೆ ಮೆಲ್ಲಗೆ ಒತ್ತಿ ಮೆಲ್ಲಗೆ ಓಡಿಸುವ ಆಟ ಇದರಲ್ಲಿ ನಡೆಯದು. ತೂಕ ಒಂದು ಕಿಲೋ ಕೂಡ ಇಲ್ಲದ ಕಾರಣ ಮೇಜಿನ ಮೇಲೆ ಜಾರುತ್ತದೆ. ಯಂತ್ರದ ಕೆಳಗೆ ರಬ್ಬರ್ ಚಾಪೆಯನ್ನೋ ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನೋ ಹಾಸಿ.

ಇಲ್ಲದಿರುವುದರ ಪಟ್ಟಿ ಇನ್ನೂ ಮುಖ್ಯ. ಹೊಲಿಗೆಯ ಉದ್ದ ಬದಲಿಸಲು ಬರುವುದಿಲ್ಲ. ಜಿಗ್‌ಜಾಗ್ ಇಲ್ಲ. ರಿವರ್ಸ್ ಇಲ್ಲ. ಹೊಲಿಗೆಯ ಕೊನೆಯನ್ನು ಭದ್ರ ಮಾಡಲು ಸೂಜಿ ಕೆಳಗಿಳಿಸಿ, ಬಟ್ಟೆಯನ್ನು ಒತ್ತಿ ಹಿಡಿಯುವ ಅಡಿ (ಪ್ರೆಸರ್ ಫುಟ್) ಎತ್ತಿ, ಬಟ್ಟೆಯನ್ನು ಪೂರ್ತಿ ತಿರುಗಿಸಿ, ಬಂದ ದಾರಿಯಲ್ಲೇ ನಾಲ್ಕೈದು ಹೊಲಿಗೆ ಹಾಕಬೇಕು. ಇಲ್ಲವೇ ಮೇಲಿನ ದಾರವನ್ನು ಹಿಂಬದಿಗೆ ಎಳೆದುಕೊಂಡು ಎರಡನ್ನೂ ಸೇರಿಸಿ ಗಂಟು ಹಾಕಬೇಕು. ಇದನ್ನು ಮರೆತರೆ ಎರಡು ಒಗೆತಕ್ಕೆ ಬದಿ ಬಿಚ್ಚಿಕೊಳ್ಳುತ್ತದೆ, ಬೈಗುಳ ಮಾತ್ರ ಯಂತ್ರಕ್ಕೆ.

ಇದಕ್ಕಿಂತಲೂ ಅಗ್ಗದಲ್ಲಿ, ಸ್ಟೇಪ್ಲರ್ ಥರ ಕೈಯಲ್ಲಿ ಹಿಡಿದು ಒತ್ತುವ ಇನ್ನೊಂದು ಸಾಮಾನು ಬರುತ್ತದೆ. ಅದನ್ನು ತೆಗೆದುಕೊಳ್ಳಬೇಡಿ. ಅದರಲ್ಲಿ ಬಾಬಿನ್ನೇ ಇಲ್ಲ, ಒಂದೇ ದಾರದ ಸರಪಳಿ ಹೊಲಿಗೆ. ಅಕ್ಕಿ ಮೂಟೆಯ ಬಾಯಿ ಹೊಲಿದಿರುತ್ತಾರಲ್ಲ, ಸರಿಯಾದ ತುದಿ ಎಳೆದರೆ ಸರ್ರನೆ ಪೂರ್ತಿ ಬಿಚ್ಚಿ ಬರುತ್ತದೆ, ಆ ಜಾತಿ. ಮೂಟೆಗೆ ಅದು ಅನುಕೂಲ, ಅಂಗಿಗೆ ಅಪಾಯ.

ಮಿನಿ ಯಂತ್ರ ಕೆಟ್ಟಿದೆ ಎಂದು ವಾಪಸ್ ಕಳಿಸುವವರ ದೂರು ಸಾಮಾನ್ಯವಾಗಿ ಒಂದೇ: ಬಟ್ಟೆಯ ಅಡಿಯಲ್ಲಿ ದಾರ ಗುಡ್ಡೆಯಾಗಿ ಸಿಕ್ಕಿಕೊಳ್ಳುತ್ತದೆ. ಗುಡ್ಡೆ ಕೆಳಗಿದೆ ಎಂದು ಬಾಬಿನ್ನನ್ನೇ ಬೈಯುತ್ತಾರೆ, ತಪ್ಪು ಬಹುತೇಕ ಮೇಲಿನ ದಾರದ್ದು. ದಾರದ ಬಿಗಿ ಹೊಂದಿಸುವ ಟೆನ್ಷನ್ ಡಯಲಿನ ಎರಡು ಬಿಲ್ಲೆಗಳ ನಡುವೆ ದಾರ ಪೂರ್ತಿ ಇಳಿಯದೆ ಮೇಲೇ ಕೂತರೆ ಹಿಡಿತ ಇರುವುದಿಲ್ಲ, ಸಡಿಲ ದಾರ ಕೆಳಗೆ ಹೋಗಿ ಸುತ್ತಿಕೊಳ್ಳುತ್ತದೆ. ಡಯಲ್ ಸಡಿಲ ಮಾಡಿ, ದಾರವನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು ಬಿಲ್ಲೆಗಳ ನಡುವೆ ಇಳಿಸಿ, ಮತ್ತೆ ಬಿಗಿ ಮಾಡಿ. ಎಳೆದಾಗ ಸ್ವಲ್ಪ ತಡೆ ಸಿಕ್ಕರೆ ಸರಿ. ಆಮೇಲೆ ಸೂಜಿಯ ದಾರವನ್ನು ಎಡಗೈಯಲ್ಲಿ ಹಿಡಿದು ಪಕ್ಕದ ಚಕ್ರವನ್ನು ನಿಮ್ಮ ಕಡೆಗೆ ಒಂದು ಸುತ್ತು ತಿರುಗಿಸಿದರೆ ಬಾಬಿನ್ ದಾರ ಕುಣಿಕೆಯಾಗಿ ಮೇಲೆ ಬರುತ್ತದೆ. ಎರಡನ್ನೂ ನಾಲ್ಕೈದು ಇಂಚು ಎಳೆದು ಅಡಿಯ ಹಿಂದಕ್ಕೆ ಹಾಕಿ, ಮೊದಲ ಮೂರು ಹೊಲಿಗೆ ಬೀಳುವವರೆಗೆ ಬೆರಳಲ್ಲಿ ಹಿಡಿದಿರಿ. ಈ ಮೂರು ಹೊಲಿಗೆಯ ತಾಳ್ಮೆ ಇದ್ದರೆ ಅರ್ಧ ದೂರು ಮುಗಿಯಿತು.

ಟೆನ್ಷನ್ ಸರಿ ಇದೆಯೋ ಇಲ್ಲವೋ ನೋಡಲು ಮೇಲೆ ಕೆಂಪು, ಕೆಳಗೆ ಬಿಳಿ ದಾರ ಹಾಕಿ ಚಿಂದಿ ಬಟ್ಟೆ ಎರಡು ಪದರ ಹೊಲಿಯಿರಿ. ಮೇಲ್ಗಡೆ ಬಿಳಿ ಚುಕ್ಕೆ ಇಣುಕಿದರೆ ಮೇಲಿನ ದಾರ ಬಿಗಿಯಾಗಿದೆ, ಡಯಲ್ ಸಡಿಲಿಸಿ. ಕೆಳಗಡೆ ಕೆಂಪು ಕುಣಿಕೆ ಕಂಡರೆ ಬಿಗಿ ಮಾಡಿ. ಹೊಲಿಗೆ ನಡುನಡುವೆ ತಪ್ಪಿದರೆ ಡಯಲ್ ಮುಟ್ಟಬೇಡಿ, ಸೂಜಿ ನೋಡಿ: ಬಾಗಿರುತ್ತದೆ, ಮೊಂಡಾಗಿರುತ್ತದೆ, ಇಲ್ಲವೇ ಚಪ್ಪಟೆ ಭಾಗ ತಪ್ಪು ಕಡೆಗೆ ತಿರುಗಿರುತ್ತದೆ. ಮಾಮೂಲಿ ಕಾಟನ್‌ಗೆ 14ನೇ ನಂಬರ್ ಸೂಜಿ, ಮಲ್ ಬಟ್ಟೆಯಂಥ ತೆಳುವಿಗೆ 11. ಡಬ್ಬಿಯ ಜೊತೆ ಬರುವ ದಾರವನ್ನು ಕಚ್ಚಾ ಹೊಲಿಗೆಗೆ ಇಟ್ಟುಕೊಂಡು, ಹೊಲಿಯಲು ಒಳ್ಳೆಯ ಪಾಲಿಯೆಸ್ಟರ್ ದಾರ ತನ್ನಿ. ಬಾಬಿನ್ ಹೆಚ್ಚಿಗೆ ಬೇಕಾದರೆ ಇರುವ ಒಂದನ್ನು ಅಂಗಡಿಗೇ ಒಯ್ದು ಪಕ್ಕಪಕ್ಕ ಇಟ್ಟು ನೋಡಿ ಕೊಳ್ಳಿ. ಎತ್ತರ ಕೂದಲೆಳೆ ಹೆಚ್ಚಾದರೂ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಈಗ ಬಟ್ಟೆಯ ವಿಷಯ. ಹಳೆ ಬಟ್ಟೆ ಆರಿಸುವಾಗ ನೆನಪಿಡಬೇಕಾದದ್ದು ಭುಜ. ಭುಜ ಸರಿಯಾಗಿ ಕೂತರೆ ಉಳಿದದ್ದನ್ನೆಲ್ಲ ಚಿಕ್ಕದು ಮಾಡಬಹುದು. ಭುಜ ಒಂದು ಇಂಚಿಗಿಂತ ಹೆಚ್ಚು ಕೆಳಗಿಳಿದಿದ್ದರೆ ತೋಳು ಬಿಚ್ಚಿ ಮತ್ತೆ ಕೂರಿಸಬೇಕು, ಅದು ಹೊಸದಾಗಿ ಹೊಲಿದಷ್ಟೇ ಕೆಲಸ. ಬಿಗಿಯಾದದ್ದನ್ನು ಬಿಚ್ಚಿ ದೊಡ್ಡದು ಮಾಡುತ್ತೇನೆ ಎಂಬ ಆಸೆಯೂ ಬೇಡ. ಒಳಗೆ ಬಟ್ಟೆ ಬಿಟ್ಟಿದ್ದರೂ ಹೊರಗಿನ ಭಾಗ ಬಿಸಿಲಿಗೆ ಮಾಸಿ, ಒಳಗಿನದು ಹೊಸ ಬಣ್ಣದಲ್ಲೇ ಇರುತ್ತದೆ. ಹಳೆ ಹೊಲಿಗೆಯ ಗೆರೆ ಎಷ್ಟು ಇಸ್ತ್ರಿ ತಿಕ್ಕಿದರೂ ಹೋಗುವುದಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ಕಂಕುಳು, ಮೊಣಕೈ, ಕೂರುವ ಭಾಗ ಜರಡಿಯಾಗಿದೆಯೇ ನೋಡಿ. ಸೀರೆಯಾದರೆ ಮಡಿಕೆಯ ಗೆರೆಯ ಎರಡೂ ಕಡೆ ಹೆಬ್ಬೆರಳಿಟ್ಟು ಎಳೆದು ನೋಡಿ. ಬಹಳ ದಿನ ಮಡಚಿಟ್ಟ ರೇಷ್ಮೆ ಅಲ್ಲೇ ಪಿಸಿಯುತ್ತದೆ, ಪಿಸಿದದ್ದಕ್ಕೆ ಯಾವ ಹೊಲಿಗೆಯೂ ನಿಲ್ಲದು.

ಈ ಯಂತ್ರಕ್ಕೆ ಹೇಳಿ ಮಾಡಿಸಿದ ಕೆಲಸ ಅಂದರೆ ಕುರ್ತಿಯ ಬದಿ ಒಳಗೆ ಹಿಡಿಯುವುದು. ಎಲ್ಲರೂ ಎಡವುವುದು ಲೆಕ್ಕದಲ್ಲಿ. ಎದೆಯ ಸುತ್ತಳತೆ 4 ಇಂಚು ಕಡಿಮೆಯಾಗಬೇಕಾದರೆ ಪ್ರತಿ ಬದಿಯಲ್ಲಿ ಒಳಗೆ ಹೋಗಬೇಕಾದದ್ದು ಒಂದೇ ಇಂಚು. ಮುಂದೊಂದು ಹಿಂದೊಂದು ಪದರ, ಎಡ ಬಲ ಎರಡು ಬದಿ, ಒಟ್ಟು ನಾಲ್ಕು. ಎರಡೆರಡು ಇಂಚು ಹಿಡಿದರೆ ಸುತ್ತಳತೆ 8 ಇಂಚು ಕುಗ್ಗಿ ಕುರ್ತಿ ತಲೆಯಲ್ಲೇ ಇಳಿಯದು.

ಬಟ್ಟೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ, ಒಳಮೈ ಹೊರಗೆ ಮಾಡಿ ಹಾಸಿ. ಸರಿಯಾಗಿ ಕೂರುವ ಇನ್ನೊಂದು ಕುರ್ತಿಯನ್ನು ಮೇಲಿಟ್ಟು ಚಾಕಿನಿಂದ ಗೆರೆ ಎಳೆಯಿರಿ. ಗೆರೆ ತೋಳಿನ ತುದಿಯಿಂದ ಹೊರಟು, ಕಂಕುಳಲ್ಲಿ ಚೂಪಾಗಿ ಮುರಿಯದೆ ದುಂಡಗೆ ತಿರುಗಿ, ಸೊಂಟದಲ್ಲಿ ಒಳಸರಿದು, ಕೆಳಗಿನ ಸೀಳು ಶುರುವಾಗುವ ಜಾಗದಲ್ಲಿ ಹಳೆ ಹೊಲಿಗೆಗೆ ಬಂದು ಸೇರಬೇಕು. ಕೊನೆಯ ಎರಡು ಮೂರು ಇಂಚಿನಲ್ಲಿ ನಿಧಾನವಾಗಿ ಸೇರಿಸದೆ ಒಮ್ಮೆಲೇ ತಿರುಗಿಸಿದರೆ ಸೀಳಿನ ತಲೆಯ ಹತ್ತಿರ ಬಟ್ಟೆ ಕಿವಿಯ ಹಾಗೆ ಎದ್ದು ನಿಲ್ಲುತ್ತದೆ. ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು, ಕೈ ಮೇಲೆತ್ತಿ ನೋಡಿ. ಎಳೆತ ಇಲ್ಲದಿದ್ದರೆ ನಿಧಾನ ವೇಗದಲ್ಲಿ ಗೆರೆಯ ಮೇಲೆ ಹೊಲಿಯಿರಿ. ಕಂಕುಳಿನಲ್ಲಿ ನಾಲ್ಕು ಬದಿಯ ಹೊಲಿಗೆ ಒಟ್ಟಿಗೆ ಸೇರಿ ಗಂಟಿನ ಹಾಗೆ ದಪ್ಪವಾಗಿರುತ್ತದೆ, ಅಲ್ಲಿ ಪೆಡಲ್ ಬಿಟ್ಟು ಕೈಯಿಂದ ಚಕ್ರ ತಿರುಗಿಸಿ ದಾಟಿಸಿ. ಅದೇ ಜಾಗದಲ್ಲಿ ಎರಡನೇ ಸಲವೂ ಹೊಲಿಯುವುದು ಒಳ್ಳೆಯದು. ಮಿಕ್ಕ ಬಟ್ಟೆ ಕತ್ತರಿಸುವ ಅವಸರ ಬೇಡ, ಒಂದು ಒಗೆತ ಆಗಲಿ. ಕತ್ತರಿಸುವಾಗಲೂ ಮುಕ್ಕಾಲು ಇಂಚು ಬಿಟ್ಟು, ಕಂಕುಳಿನ ದುಂಡಿನಲ್ಲಿ ಹೊಲಿಗೆಗೆ ಎರಡು ಮಿಲಿಮೀಟರ್ ಹತ್ತಿರದವರೆಗೆ ಮೂರ್ನಾಲ್ಕು ಕಚ್ಚು ಕೊಡಿ. ಆ ಕಚ್ಚು ಇಲ್ಲದಿದ್ದರೆ ತೋಳು ಎತ್ತಿದಾಗಲೆಲ್ಲ ಬಟ್ಟೆ ಸುಕ್ಕುಗಟ್ಟಿ ಎಳೆಯುತ್ತದೆ.

ಕಾಟನ್ ಸೀರೆಯಲ್ಲಿ ಯಂತ್ರ ಇನ್ನೂ ಸಲೀಸಾಗಿ ಓಡುತ್ತದೆ. ಐದೂವರೆ ಮೀಟರ್ ಉದ್ದ ಅಂದರೆ ಸುಮಾರು 216 ಇಂಚು, ಅಗಲ ಹೆಚ್ಚುಕಡಿಮೆ 46 ಇಂಚು. 20 ಇಂಚಿನ ಕುಶನ್‌ಗೆ ಈ ಅಗಲ ದೇವರು ಕೊಟ್ಟ ಹಾಗೆ ಇದೆ: ಮುಂದೆ 20, ಹಿಂದೆ 20, ಒಂದರ ಮೇಲೊಂದು ಬರುವ ಬಾಯಿಗೆ 6. ಸೀರೆಯನ್ನು ಅಡ್ಡಕ್ಕೆ 21 ಇಂಚಿನ ಪಟ್ಟಿಗಳಾಗಿ ಕತ್ತರಿಸಿದರೆ ಎರಡೂ ಅಂಚುಗಳು ಕವರಿನ ಬಾಯಿಗೇ ಬರುತ್ತವೆ, ಅಲ್ಲಿ ಮಡಚಿ ಹೊಲಿಯುವ ಕೆಲಸವೇ ಇಲ್ಲ. ಹರಿದ ಭಾಗ ಬಿಟ್ಟರೂ ಏಳೆಂಟು ಕವರಿಗೆ ಮೋಸವಿಲ್ಲ. ಉಳಿಯುವುದು ಎರಡು ಬದಿ ಮಾತ್ರ. ಅಂಚು ಸುತ್ತಿ ಹೊಲಿಯುವ ಇಂಟರ್‌ಲಾಕ್ ಯಂತ್ರ ಇಲ್ಲದ ಮನೆಯಲ್ಲಿ ಎಳೆ ಬಿಡದಂತೆ ಮಾಡಲು ಎರಡು ಸಲ ಹೊಲಿಯುವ ಉಪಾಯ ಇದೆ. ಬಟ್ಟೆಯ ಹೊರಮೈ ಹೊರಗಿರುವಂತೆಯೇ ಮಡಚಿ ಕಾಲು ಇಂಚಿಗೆ ಹೊಲಿದು, ಅಂಚನ್ನು ಅದರ ಅರ್ಧಕ್ಕೆ ಕತ್ತರಿಸಿ, ಒಳಹೊರಗು ಮಾಡಿ, ಮತ್ತೆ ಕಾಲು ಇಂಚಿಗೆ ಹೊಲಿಯಿರಿ. ಕತ್ತರಿಸಿದ ಅಂಚು ಒಳಗೇ ಸಮಾಧಿಯಾಗುತ್ತದೆ. ಬಾಯಿ ಕೂಡುವ ಜಾಗದಲ್ಲಿ ಮೂರು ಪದರ ಮಡಚಿ ಆರಾಗುತ್ತದೆ. ಸೀರೆಯ ತೆಳು ಬಟ್ಟೆಯಾದ್ದರಿಂದ ಯಂತ್ರ ಗೊಣಗುತ್ತಾ ದಾಟುತ್ತದೆ. ಗಂಜಿ ಹಾಕಿದ ಸೀರೆಯಾದರೆ ಮೊದಲು ಗಂಜಿ ಬಿಡಿಸಿ ಒಗೆದುಕೊಳ್ಳಿ.

ಜೀನ್ಸ್‌ನಲ್ಲಿ ಬಣ್ಣ ಬಯಲು. ಕಾಲಿನ ಕೆಳಗೆ ಮಡಚಿದಲ್ಲಿ ಬಟ್ಟೆ ಮೂರು ಪದರ. ಅದೇ ಜಾಗದಲ್ಲಿ ಬದಿಯ ಮಡಚು ಹೊಲಿಗೆ ಹಾದುಹೋದರೆ ಅದೊಂದೇ ನಾಲ್ಕು ಪದರ. ನಾಲ್ಕು ಮೂರ್ಲ ಹನ್ನೆರಡು. ಅಡಿ ಓರೆಯಾಗಿ ಮೇಲೇಳುತ್ತದೆ, ಬಟ್ಟೆಯನ್ನು ಮುಂದಕ್ಕೆ ಸರಿಸುವ ಕೆಳಗಿನ ಹಲ್ಲುಗಳಿಗೆ ಬಟ್ಟೆ ಸಿಗುವುದಿಲ್ಲ, ಸೂಜಿ ನಿಂತಲ್ಲೇ ಕುಟ್ಟಿ ಮುರಿಯುತ್ತದೆ. ಅಡಿಯ ಹಿಂದೆ ಅದೇ ದಪ್ಪದ ಬಟ್ಟೆ ಮಡಚಿಟ್ಟು ಮಟ್ಟ ಮಾಡುವ ಯುಕ್ತಿ ದೊಡ್ಡ ಯಂತ್ರದಲ್ಲಿ ಫಲಿಸುತ್ತದೆ, ಇದರ ಮೋಟಾರಿಗೆ ಆ ಕಸುವಿಲ್ಲ. ಬಲವಂತ ಮಾಡಿದರೆ ಸುಟ್ಟ ವಾಸನೆ ಬರುತ್ತದೆ, ತಕ್ಷಣ ನಿಲ್ಲಿಸಿ. ಹಳೆ ಜೀನ್ಸಿನ ಚೀಲ ಮಾಡಲೇಬೇಕೆಂದಿದ್ದರೆ ತುಳಿಯುವ ಕಪ್ಪು ಕಬ್ಬಿಣದ ಯಂತ್ರಕ್ಕೆ 16 ಅಥವಾ 18ರ ಸೂಜಿ ಹಾಕಿ ಹೊಲಿಯಿರಿ. ಸೆಕೆಂಡ್ ಹ್ಯಾಂಡ್ ಬಟ್ಟೆಯ ಮೇಲೆ ನಂಬಿಕೆ ಇರುವವರಿಗೆ ಸೆಕೆಂಡ್ ಹ್ಯಾಂಡ್ ಯಂತ್ರದ ಮೇಲೆ ಯಾಕಿಲ್ಲವೋ! ಬೆಲ್ಟು ಬದಲಿಸಿ, ಎಣ್ಣೆ ಬಿಟ್ಟರೆ ಅದು ಇನ್ನೊಂದು ತಲೆಮಾರಿಗೆ ಬರುತ್ತದೆ. ಜಾಗ ಇಲ್ಲ ಅನ್ನುವುದೊಂದೇ ಒಪ್ಪಬಹುದಾದ ತಕರಾರು.

ಟೀ ಶರ್ಟಿನ ಕಥೆ ಬೇರೆ. ಯಂತ್ರ ಹೊಲಿಯುತ್ತದೆ, ನೋಡಲು ಚೆನ್ನಾಗಿಯೂ ಇರುತ್ತದೆ. ತಲೆಯಲ್ಲಿ ಹಾಕಿಕೊಳ್ಳುವಾಗ ಬಟ್ಟೆ ಹಿಗ್ಗುತ್ತದೆ, ನೇರ ಹೊಲಿಗೆಯ ದಾರ ಹಿಗ್ಗುವುದಿಲ್ಲ, ಪಟ್ ಪಟ್ ಅಂತ ಕಡಿಯುತ್ತದೆ. ತೋಳು, ಕೊರಳು ಕತ್ತರಿಸಿ ತಳ ಎರಡು ಸಲ ಹೊಲಿದು ತರಕಾರಿ ಚೀಲ ಮಾಡಿಕೊಳ್ಳಿ, ಸಾಕು. ಕತ್ತರಿಸಿದ ಅಂಚು ಎಳೆ ಬಿಡುವುದಿಲ್ಲವಾದ್ದರಿಂದ ಹಿಡಿಕೆಗೆ ಹೊಲಿಗೆಯೂ ಬೇಡ.

ಹನ್ನೆರಡು ಬಗೆಯ ಹೊಲಿಗೆ ಎಂದು ಬರೆದುಕೊಂಡ, ಸ್ವಲ್ಪ ದೊಡ್ಡ ಮಾದರಿಗೆ ಹೆಚ್ಚಿನ ಹಣ ಕೊಡುವ ಮೊದಲು ಅದರಲ್ಲಿ ರಿವರ್ಸ್ ಮತ್ತು ಜಿಗ್‌ಜಾಗ್ ಇದೆಯೇ ನೋಡಿ. ಹಳೆ ಬಟ್ಟೆಯ ಕೆಲಸಕ್ಕೆ ಬೇಕಾದದ್ದು ಅವೆರಡೇ, ಮಿಕ್ಕ ಹೂಬಳ್ಳಿ ಹೊಲಿಗೆ ಮೊದಲ ವಾರದ ಸಂಭ್ರಮ. ಉಳಿದ ಹಣದಲ್ಲಿ ಹೊಲಿಗೆ ಬಿಚ್ಚುವ ರಿಪ್ಪರ್, ಬಟ್ಟೆಗೆಂದೇ ಮೀಸಲಾದ ಎಂಟು ಇಂಚಿನ ಕತ್ತರಿ, ಗುಂಡುಪಿನ್ನು, ಟೇಪು ತನ್ನಿ. ರಿಪ್ಪರ್ ಬಳಸುವಾಗ ಹೊಲಿಗೆಯುದ್ದಕ್ಕೂ ಸೀಳಿಕೊಂಡು ಹೋದರೆ ಎಲ್ಲೋ ಒಂದು ಕಡೆ ಬಟ್ಟೆಯೂ ಸೀಳುತ್ತದೆ. ಒಂದು ಮಗ್ಗುಲಲ್ಲಿ ನಾಲ್ಕೈದು ಹೊಲಿಗೆಗೊಂದರಂತೆ ಕತ್ತರಿಸುತ್ತಾ ಹೋಗಿ, ಮಗುಚಿ ಇನ್ನೊಂದು ಮಗ್ಗುಲಿನ ದಾರ ಎಳೆಯಿರಿ, ಉದ್ದಕ್ಕೆ ಬರುತ್ತದೆ. ಮಿಕ್ಕ ಚೂರುಗಳಿಗೆ ಯಂತ್ರವೇ ಬೇಡ. ಬಡಗ ಕರ್ನಾಟಕದ ಕೌದಿ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕವಂದಿ, ಎರಡೂ ಚೂರು ಬಟ್ಟೆಯ ಹೊದಿಕೆಗಳೇ, ಕೈಸೂಜಿಯ ಸಾಲು ಹೊಲಿಗೆಯಲ್ಲೇ ಆದಂಥವು. ಕವಂದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ತರುತ್ತಾರೆ.

ಯಂತ್ರ ಮನೆಗೆ ಬಂದ ದಿನವೇ, ವಾಪಸ್ ಕಳಿಸುವ ಗಡುವು ಮುಗಿಯುವ ಮುಂಚೆ, ಹಳೆ ಸೀರೆಯ ಎರಡು ಪದರ ಒಂದು ಮೀಟರ್ ಹೊಲಿಯಿರಿ, ಆಮೇಲೆ ನಾಲ್ಕು ಪದರ. ಎರಡರಲ್ಲೂ ಹೊಲಿಗೆ ತಪ್ಪದೆ ಬಂದರೆ ಇಟ್ಟುಕೊಳ್ಳಿ. ಸೂಜಿ ಬದಲಿಸಿ, ದಾರ ಮತ್ತೆ ಪೋಣಿಸಿದ ಮೇಲೂ ಎರಡು ಪದರದಲ್ಲೇ ತಪ್ಪಿದರೆ ಡಯಲ್ ತಿರುಗಿಸುತ್ತಾ ವಾರ ಕಳೆಯಬೇಡಿ, ಡಬ್ಬಿಗೆ ತುಂಬಿ ಕಳಿಸಿಬಿಡಿ.