ಅಪ್ಪನೊಂದಿಗೆ ನೋಡಿದ ಮೂರು ಸಂಗ್ರಹಾಲಯಗಳು: ನನ್ನ ಆಯ್ಕೆ ಮೈಸೂರಿನದು, ಅದೂ ರೈಲಿನಲ್ಲಿ

ಸಾರಿಗೆಯ ಇತಿಹಾಸ ನೋಡಬೇಕೆಂಬ ಆಸೆಯಿರುವ ಬೆಂಗಳೂರಿನವರು ಬೆಳಗಿನ ರೈಲು ಹತ್ತಿ ಮೈಸೂರಿನ ರೈಲ್ವೆ ಸಂಗ್ರಹಾಲಯಕ್ಕೆ ಹೋಗಬೇಕು. ಬಾಡಿಗೆ ಕಾರಿನಲ್ಲಿ ಹೋಗಬಾರದು. ಎರಡನೆಯ ಮಾತಿಗೆ ನನ್ನ ಬಳಿ 7,300 ರೂಪಾಯಿ ದಾಟಿದ ಬಿಲ್ಲೊಂದು ಸಾಕ್ಷಿಯಾಗಿದೆ.

ನಮ್ಮ ತಂದೆ ಸಿಟಿ ಬಸ್ ಚಾಲಕರಾಗಿದ್ದವರು. 1978ರಲ್ಲಿ ಕೆಲಸಕ್ಕೆ ಸೇರಿದಾಗ ಅದು ಬಿಟಿಎಸ್ (ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವೀಸ್); 1997ರಲ್ಲಿ ಬಿಎಂಟಿಸಿ ಆಯಿತು; 2012ರಲ್ಲಿ ನಿವೃತ್ತರಾದರು. ನಮ್ಮ ಅಜ್ಜಿ ಮಾತ್ರ ಕೊನೆಯವರೆಗೂ ‘ಬಿಟಿಎಸ್ ಬಂತು’ ಎಂದೇ ಹೇಳುತ್ತಿದ್ದರು. ಈಗ ಅಪ್ಪನಿಗೆ ಮಂಡಿನೋವು, ಹನುಮಂತನಗರದ ಮನೆಯಿಂದ ಹೊರಗೆ ಹೋಗುವುದೇ ಕಡಿಮೆ. ಒಂದು ದಿನ ಎಂಟು ವರ್ಷದ ನನ್ನ ಮಗ, “ತಾತ, ನೀವು ಓಡಿಸುತ್ತಿದ್ದ ಬಸ್ಸು ಈಗ ಎಲ್ಲಿದೆ?” ಎಂದು ಕೇಳಿದ. “ಗುಜರಿಗೆ ಹೋಯಿತಪ್ಪ” ಎಂದು ಅಪ್ಪ ಸುಮ್ಮನಾದರು. ಅವರು ಹಾಗೆ ಸುಮ್ಮನಾದದ್ದು ನನಗೆ ಸಹಿಸಲಾಗಲಿಲ್ಲ. ಹಳೆಯ ವಾಹನಗಳನ್ನು ಜೋಪಾನವಾಗಿ ಇಟ್ಟಿರುವ ಕಡೆಗೆಲ್ಲ ತಾತ, ಮೊಮ್ಮಗ ಇಬ್ಬರನ್ನೂ ಕರೆದುಕೊಂಡು ಹೋಗೋಣವೆಂದು ಮನೆಯವರಿಗೆ ಹೇಳಿದೆ. ಮೂರು ತಿಂಗಳಲ್ಲಿ ಮೂರು ಜಾಗ ನೋಡಿದೆವು. ಮೈಸೂರಿಗೆ ಎರಡು ಸಲ ಹೋಗಬೇಕಾಯಿತು.

ಮೊದಲು ಹೋದದ್ದು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ. ನ್ಯಾಷನಲ್ ಕಾಲೇಜಿನ ಬಳಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದೆವು. ವಿಶ್ವೇಶ್ವರಯ್ಯನವರು ತೀರಿಕೊಂಡ ಮೂರು ತಿಂಗಳಿಗೆ, 1962ರ ಜುಲೈನಲ್ಲಿ ನೆಹರು ಉದ್ಘಾಟಿಸಿದ ಸಂಸ್ಥೆ ಇದು. ಅಪ್ಪ ಹೆಚ್ಚು ಹೊತ್ತು ಕಳೆದದ್ದು ಎಂಜಿನ್‌ಗಳ ವಿಭಾಗದಲ್ಲಿ. ಒಳಭಾಗ ಕಾಣುವಂತೆ ಸೀಳಿಟ್ಟ ಎಂಜಿನ್ ಮುಂದೆ ನಿಂತು, ಪಿಸ್ಟನ್ ಮೇಲೆ ಬರುವುದು, ಕೆಳಗೆ ಹೋಗುವುದು, ಹೊಗೆ ಹೊರಗೆ ಹೋಗುವುದು, ಎಲ್ಲವನ್ನೂ ಮೊಮ್ಮಗನಿಗೆ ಕೈಯಲ್ಲೇ ಆಡಿಸಿ ತೋರಿಸಿದರು. ರೈಟ್ ಸಹೋದರರ ವಿಮಾನದ ನಿಜ ಗಾತ್ರದ ಪ್ರತಿರೂಪವೂ ಅಲ್ಲಿದೆ. ಆದರೆ ಅದು ವಿಜ್ಞಾನ ಕಲಿಸುವ ಜಾಗ. ಯಂತ್ರ ಹೇಗೆ ನಡೆಯುತ್ತದೆ ಎಂದು ಅಲ್ಲಿ ತಿಳಿಯುತ್ತದೆ, ಅದರಲ್ಲಿ ಯಾರು ಕುಳಿತು ಎಲ್ಲಿಗೆ ಹೋದರು ಎಂದು ತಿಳಿಯುವುದಿಲ್ಲ. ನಾನು ಹುಡುಕುತ್ತಿದ್ದದ್ದು ಎರಡನೆಯದನ್ನು.

ಎರಡನೆಯದು ಎಚ್‌ಎಎಲ್ ಪರಂಪರಾ ಕೇಂದ್ರದ ವಿಮಾನ ಸಂಗ್ರಹಾಲಯ. ಮೆಜೆಸ್ಟಿಕ್‌ನಿಂದ 335ಇ ಬಸ್ಸಿನಲ್ಲೇ ಹೋಗಬೇಕೆಂದು ಅಪ್ಪ ಹಟ ಹಿಡಿದರು. ದಾರಿಯುದ್ದಕ್ಕೂ ಅವರ ಕಣ್ಣು ಚಾಲಕನ ಕ್ಲಚ್ಚಿನ ಮೇಲೆಯೇ ಇತ್ತು. ಮಗನಿಗೆ ಅದು ಹಬ್ಬದ ದಿನ. ಮಿಗ್-21, ಕ್ಯಾನ್‌ಬೆರಾ, ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿ 1961ರಲ್ಲಿ ಇದೇ ಊರಿನಲ್ಲಿ ಮೊದಲು ಹಾರಿದ ಯುದ್ಧವಿಮಾನ ಮಾರುತ್, ಎಲ್ಲವೂ ಕೈಗೆಟುಕುವಷ್ಟು ಹತ್ತಿರ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಈ ವಿಮಾನ ಕಾರ್ಖಾನೆ ಶುರು ಮಾಡಿದ್ದು 1940ರಲ್ಲಿ. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಹೆಸರಿನಲ್ಲಿ ಸಿಟಿ ಬಸ್ಸು ಹೊರಟದ್ದೂ ಅದೇ 1940ರಲ್ಲಿ. 1956ರಲ್ಲಿ ಅದನ್ನು ಸರ್ಕಾರ ವಹಿಸಿಕೊಂಡಾಗ ಬಿಟಿಎಸ್ ಹುಟ್ಟಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಎಚ್‌ಎಎಲ್ ರೈಲು ಬೋಗಿಗಳನ್ನೂ ಬಸ್ಸಿನ ಬಾಡಿಗಳನ್ನೂ ಕಟ್ಟಿತು. ವಿಮಾನವನ್ನು ಪ್ರೀತಿಸುವ ಮಕ್ಕಳಿದ್ದರೆ ಕಣ್ಣು ಮುಚ್ಚಿ ಇಲ್ಲಿಗೆ ಹೋಗಿ. ಅಪ್ಪ ಮಾತ್ರ ಮರದ ನೆರಳಿನಲ್ಲಿ ಕುಳಿತು, “ಇವೆಲ್ಲ ಬಹಳ ದೊಡ್ಡವರ ಗಾಡಿಗಳು ಮಗಳೇ” ಎಂದರು.

ಇನ್ನು ಮೈಸೂರು. ಮೊದಲ ಸಲ ಅಪ್ಪನ ಮಂಡಿಯನ್ನು ನೆನೆದು ಕಾರು ಮಾಡಿದೆ. ಪರಿಚಯದವರು ಹೇಳಿದ ಒಂದು ಟ್ರಾವೆಲ್ಸ್‌ನಲ್ಲಿ ಹನ್ನೆರಡು ಗಂಟೆ, 300 ಕಿಲೋಮೀಟರ್, 5,500 ರೂಪಾಯಿ ಎಂದು ಮಾತಾಯಿತು. ಮೈಸೂರಿಗೆ ಹೋಗಿಬರಲು 280 ಕಿಲೋಮೀಟರ್‌ನಷ್ಟಾಗುತ್ತದೆ, ಒಳಗೆ ಸುತ್ತಾಡಲು ಸ್ವಲ್ಪ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಆರು ಗಂಟೆಗೆ ಬರಬೇಕಾದ ಕಾರು ಬಂದದ್ದು ಎಂಟೂ ಹತ್ತಕ್ಕೆ. ಹೋಗಲಿ, ಹನ್ನೆರಡು ಗಂಟೆ ಈಗಿನಿಂದ ತಾನೇ ಶುರು, ರಾತ್ರಿ ಎಂಟರವರೆಗೆ ಸಮಯವಿದೆ ಎಂದುಕೊಂಡೆ. ಮಗನಿಗೆ ಮೊದಲು ಮೃಗಾಲಯ ತೋರಿಸಿದೆವು. ಸಂಗ್ರಹಾಲಯಕ್ಕೆ ಬಂದಾಗ ಒಂದೂಕಾಲು. ಇಪ್ಪತ್ತೈದು ನಿಮಿಷವೂ ಆಗಿರಲಿಲ್ಲ, ಕಾರಿನ ಚಾಲಕ ಫೋನ್ ಮಾಡಿದ: “ಮೇಡಂ, ಈಗ ಹೊರಡದಿದ್ದರೆ ನಿಮಗೆ ಹೆಚ್ಚು ಬೀಳುತ್ತದೆ.”

ಆಗ ತಿಳಿಯಿತು, ಗಂಟೆಯೂ ಕಿಲೋಮೀಟರೂ ಶುರುವಾಗುವುದು ನಮ್ಮ ಮನೆಯ ಬಾಗಿಲಿನಿಂದಲ್ಲ, ಗ್ಯಾರೇಜಿನಿಂದ. ಗ್ಯಾರೇಜ್ ಇದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಬೆಳಗ್ಗೆ ಐದೂವರೆಗೆ ಅಲ್ಲಿಂದ ಹೊರಟ ಗಾಡಿ ದಾರಿಯಲ್ಲಿ ಎಲ್ಲಿ ನಿಂತಿತ್ತೋ, ಆ ಸಮಯವೂ ನಮ್ಮ ಲೆಕ್ಕಕ್ಕೆ. ಸಂಜೆ ನಮ್ಮನ್ನು ಇಳಿಸಿ ಖಾಲಿ ಹಿಂತಿರುಗುವ ದೂರವೂ ನಮ್ಮ ಲೆಕ್ಕಕ್ಕೆ. ಬುಕ್ ಮಾಡುವಾಗ ಈ ಮಾತನ್ನು ಯಾರೂ ಹೇಳಿರಲಿಲ್ಲ. ಕೊನೆಗೆ ರಸೀದಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದದ್ದನ್ನು ತೋರಿಸಿದರು. ಹೆಚ್ಚುವರಿ 62 ಕಿಲೋಮೀಟರಿಗೆ 18 ರೂಪಾಯಿಯಂತೆ, ಮೀರಿದ ಸಮಯಕ್ಕೆ 300, ಚಾಲಕನ ಬಾಟಾ 400, ಟೋಲ್ ಬೇರೆ.

ಹಣಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿದದ್ದು ಅಪ್ಪನನ್ನು ಅರ್ಧದಲ್ಲೇ ಎಬ್ಬಿಸಿಕೊಂಡು ಬಂದದ್ದಕ್ಕೆ. ಮಹಾರಾಣಿಯವರ ಸಲೂನಿನ, ಅಂದರೆ ಅವರ ಖಾಸಗಿ ರೈಲು ಬೋಗಿಯ, ಮುಂದೆ ಆಗಷ್ಟೇ ನಿಂತಿದ್ದರು. ಕಾರಿನಲ್ಲಿ ಕುಳಿತ ಮೇಲೆ ಅವರು ಆ ಚಾಲಕ ಹುಡುಗನ ಮೇಲೆ ರೇಗಲಿಲ್ಲ. “ತಮ್ಮಾ, ನಿನ್ನ ತಪ್ಪಲ್ಲ ಬಿಡು, ಊಟ ಮಾಡಿದೆಯಾ?” ಎಂದು ನಮ್ಮ ಬುತ್ತಿಯಿಂದ ಚಪಾತಿ ಕೊಟ್ಟರು. ಮನೆಗೆ ಬಂದ ಮೇಲೆ ನನಗೆ ಹೇಳಿದರು: “ಡಿಪೋದಿಂದ ಮೊದಲ ಸ್ಟಾಪಿಗೆ ಖಾಲಿ ಓಡುವುದಕ್ಕೆ ನಮ್ಮಲ್ಲಿ ಡೆಡ್ ಕಿಲೋಮೀಟರ್ ಎನ್ನುತ್ತಿದ್ದರು. ಅದು ಸಂಸ್ಥೆಯ ಖರ್ಚು. ಅದಕ್ಕೆಂದು ಯಾವ ಪ್ರಯಾಣಿಕನ ಕೈಗೂ ಟಿಕೆಟ್ ಹರಿದುಕೊಟ್ಟವರಲ್ಲ ನಾವು.” ಕಾರು ಬುಕ್ ಮಾಡುವವರು ದಯವಿಟ್ಟು ಮೊದಲು ಇದೊಂದನ್ನು ಕೇಳಿ: ಲೆಕ್ಕ ಎಲ್ಲಿಂದ, ಎಲ್ಲಿಯವರೆಗೆ? ಉತ್ತರವನ್ನು ಬರೆದುಕೊಡಿ ಎಂದು ಕೇಳಿ.

ಮುಂದಿನ ತಿಂಗಳು ಮತ್ತೆ ಹೊರಟೆವು. ಈ ಸಲ ರೈಲು, ಎರಡನೆಯ ದರ್ಜೆಯ ಕಾಯ್ದಿರಿಸಿದ ಆಸನ. ನಾಲ್ವರು ಹೋಗಿಬಂದ ಖರ್ಚು ಆ ಬಿಲ್ಲಿನ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ.

ವ್ಯತ್ಯಾಸ ಹಣದ್ದಷ್ಟೇ ಆಗಿರಲಿಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗುವಾಗ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವೂ ಹಸಿರು ಫಲಕದ ಹೆಸರುಗಳು ಮಾತ್ರ. ರೈಲಿನಲ್ಲಿ ಅವು ಊರುಗಳು. ಜನ ಹತ್ತುತ್ತಾರೆ, ಇಳಿಯುತ್ತಾರೆ, ಮದ್ದೂರು ವಡೆ ಮಾರುವವರು ಬರುತ್ತಾರೆ. ಮೆಜೆಸ್ಟಿಕ್‌ನಲ್ಲಿ ಬಸ್ಸಿನಿಂದ ಇಳಿದು ರೈಲು ನಿಲ್ದಾಣದ ಕಡೆಗೆ ನಡೆಯುವಾಗಲೇ, ಈ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎಂದು ಅಪ್ಪ ಮೊಮ್ಮಗನಿಗೆ ಹೇಳಿದರು. ನಾವು ಹೋದ ಹಳಿಗೂ ಅಂಥದೇ ಕಥೆಯಿದೆ. 1876–78ರ ಧಾತು ಈಶ್ವರ ಬರದಲ್ಲಿ ಹಸಿದ ಜನರಿಗೆ ಕೂಲಿ ಸಿಗಲೆಂದು ಶುರುವಾದ ಕೆಲಸ ಅದು. 1882ರ ಹೊತ್ತಿಗೆ ಮೀಟರ್ ಗೇಜ್ ರೈಲು ಮೈಸೂರು ಮುಟ್ಟಿತು. ಬ್ರಾಡ್ ಗೇಜ್ ಆದದ್ದು ತೊಂಬತ್ತರ ದಶಕದಲ್ಲಿ. ಜೋಡಿಹಳಿಗೆ ಜಾಗ ಬೇಕಾದಾಗ ಶ್ರೀರಂಗಪಟ್ಟಣ ನಿಲ್ದಾಣದ ಬಳಿಯಿದ್ದ ಟಿಪ್ಪುವಿನ ಮದ್ದುಗುಂಡಿನ ಮನೆಯನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಇದನ್ನು ಕೇಳಿದ ಮಗ ಶ್ರೀರಂಗಪಟ್ಟಣ ಬರುವವರೆಗೂ ಕಿಟಕಿ ಬಿಡಲಿಲ್ಲ.

ಸಂಗ್ರಹಾಲಯ ಮೈಸೂರು ನಿಲ್ದಾಣಕ್ಕೆ ಹತ್ತಿರದಲ್ಲೇ ಇದೆ, ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಎದುರು. ಅಪ್ಪನೂ ನಿಧಾನವಾಗಿ ನಡೆದೇ ಬಂದರು. 1979ರಲ್ಲಿ ಆರಂಭವಾದದ್ದು, ದೆಹಲಿಯದನ್ನು ಬಿಟ್ಟರೆ ದೇಶದಲ್ಲಿ ಮೊದಲು ಬಂದದ್ದು ಇದೇ. ಬಯಲಿನಲ್ಲಿ ಉಗಿಬಂಡಿಗಳು, ಬೋಗಿಗಳು, ಕೈಮರ, ಗೇಟು. ಶ್ರೀರಂಗ ಮಂಟಪದಲ್ಲಿ 1899ರ ಮಹಾರಾಣಿ ಸಲೂನು, ಅದಕ್ಕೆ ಅಡುಗೆಮನೆ, ಊಟದ ಕೋಣೆ. ರಸ್ತೆಯಲ್ಲಿ ಓಡುತ್ತಿದ್ದ ಆಸ್ಟಿನ್ ಕಾರೊಂದಕ್ಕೆ ರೈಲಿನ ಗಾಲಿ ಹಾಕಿ ಹಳಿ ತಪಾಸಣೆಗೆ ಬಳಸಿದ್ದರಂತೆ. ಅಪ್ಪ ಅದರ ಸುತ್ತ ಮೂರು ಸಲ ಬಂದರು.

ಆಮೇಲೆ ಬೋಗಿಯ ತುದಿಯಲ್ಲಿ ನೇತಾಡುವ ದಪ್ಪ ಕೊಳವೆಯ ಮುಂದೆ ಪಾಠ ಶುರುವಾಯಿತು. ಹಳೆಯ ರೈಲುಗಳ ವ್ಯಾಕ್ಯೂಮ್ ಬ್ರೇಕಿನಲ್ಲಿ, ಓಡುವಾಗ ಈ ಕೊಳವೆಯೊಳಗಿನ ಗಾಳಿಯನ್ನು ಎಂಜಿನ್ ಹೀರಿಕೊಂಡೇ ಇರುತ್ತದೆ. ಚಾಲಕ ಗಾಳಿ ಬಿಟ್ಟರೆ ಬ್ರೇಕು ಹಿಡಿಯುತ್ತದೆ. ನಡುವೆ ಕೊಂಡಿ ಕಳಚಿದರೂ ಗಾಳಿ ನುಗ್ಗುತ್ತದೆ, ಹಿಂದೆ ಉಳಿದ ಬೋಗಿಗಳು ತಾವಾಗಿಯೇ ನಿಲ್ಲುತ್ತವೆ. “ಕೆಟ್ಟಾಗ ಓಡಬಾರದು, ನಿಲ್ಲಬೇಕು. ಹಾಗೆ ಮಾಡಿದವನು ಜನರ ಜೀವ ಯೋಚಿಸಿದವನು” ಎಂದು ಮೊಮ್ಮಗನಿಗೆ ಹೇಳಿದರು. ಪಕ್ಕದಲ್ಲಿದ್ದ ಬೇರೆ ಮಕ್ಕಳೂ ಬಂದು ನಿಂತರು. ಅಪ್ಪ ಅಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ನಾನು ಕೇಳಿ ವರ್ಷಗಳಾಗಿದ್ದವು.

ಅವರ ಬಸ್ಸು ನಮಗೆ ಮೂರು ಕಡೆಯೂ ಕಾಣಲಿಲ್ಲ. ಆದರೆ ಅವರ ಕೆಲಸದಂಥ ಕೆಲಸ, ಟಿಕೆಟ್ ಕೊಂಡ ಸಾಮಾನ್ಯರನ್ನು ಹೊತ್ತು, ಸಮಯಕ್ಕೆ ಸರಿಯಾಗಿ ಮುಟ್ಟಿಸುವ ಕೆಲಸ, ಕಂಡದ್ದು ಮೈಸೂರಿನಲ್ಲಿ. ಅರ್ಧ ದಿನವಷ್ಟೇ ಬಿಡುವಿದ್ದರೆ ಕಸ್ತೂರಬಾ ರಸ್ತೆ ಸಾಕು. ನಮ್ಮದು ತಿಂಗಳಿಗೆ ಒಂದು ತಿರುಗಾಟ, ಅದಕ್ಕೆ 1,500 ರೂಪಾಯಿ, ಬುತ್ತಿ ಮನೆಯದು, ನಡಿಗೆ ಅಪ್ಪನ ವೇಗದ್ದು. ಈ ಲೆಕ್ಕಕ್ಕೆ ರೈಲೇ ಸರಿ. ವಾರದ ರಜೆ ಯಾವತ್ತೆಂದು ವಿಚಾರಿಸಿಕೊಂಡು, ಹಿಂತಿರುಗುವ ಟಿಕೆಟ್ಟನ್ನು ಸಂಜೆಯದ್ದೇ ಮಾಡಿಸಿ, ಮಧ್ಯಾಹ್ನದ್ದು ಬೇಡ. ನಾವು ದಸರಾ ರಜೆಗೆ ಮತ್ತೆ ಹೋಗುತ್ತಿದ್ದೇವೆ. ಕಿಟಕಿ ಪಕ್ಕದ ಆಸನ ತನಗೇ ಬೇಕೆಂದು ತಾತನೂ ಮೊಮ್ಮಗನೂ ಈಗಿನಿಂದಲೇ ವಾದ ಹಾಕುತ್ತಿದ್ದಾರೆ.